ಮೇದೋಜೀರಕದ ಉರಿಯೂತ: ನೋವು ಮಾಯವಾದರೂ ಮಧುಮೇಹದ ಭಯ ಉಳಿದೀತು

ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹರಡುವ ಅಸಹನೀಯ ನೋವು, ನಿಲ್ಲದ ವಾಂತಿ. ವೈದ್ಯರು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಎನ್ನುವ, ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ಲಕ್ಷಣಗಳಿವು. ಬಹುಪಾಲು ರೋಗಿಗಳು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಮರಳುತ್ತಾರೆ. ಆದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸುವಂತಿಲ್ಲ. ತಿಂಗಳುಗಳ ಅಥವಾ ವರ್ಷಗಳ ಬಳಿಕ ಮಧುಮೇಹ ಸದ್ದಿಲ್ಲದೆ ಕಾಣಿಸಿಕೊಳ್ಳಬಹುದು.

ಜಠರದ ಹಿಂಬದಿಯಲ್ಲಿರುವ ಈ ಗ್ರಂಥಿಗೆ ಎರಡು ಕೆಲಸ. ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನು ಕರುಳಿಗೆ ಹರಿಸುವುದು ಒಂದು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮೊದಲಾದ ಹಾರ್ಮೋನುಗಳನ್ನು ಸ್ರವಿಸುವುದು ಇನ್ನೊಂದು. ಉರಿಯೂತದ ವೇಳೆ ಕಿಣ್ವಗಳು ಗ್ರಂಥಿಯೊಳಗೇ ಚುರುಕುಗೊಂಡು ಅದರ ಅಂಗಾಂಶವನ್ನೇ ಜೀರ್ಣಿಸತೊಡಗುತ್ತವೆ. ಈ ಹಾನಿಯಿಂದ ಎರಡೂ ಕೆಲಸಗಳು ಕುಂಠಿತವಾಗಬಹುದು.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು 24 ಅಧ್ಯಯನಗಳಲ್ಲಿದ್ದ 1,102 ರೋಗಿಗಳ ವಿವರಗಳನ್ನು ವಿಶ್ಲೇಷಿಸಿ, 2014ರಲ್ಲಿ 'ಗಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಂತೆ, ಉರಿಯೂತದ ಬಳಿಕ ಒಂದು ವರ್ಷದೊಳಗೆ ಶೇ. 15ರಷ್ಟು ಮಂದಿಗೆ ಹೊಸದಾಗಿ ಮಧುಮೇಹ ಬಂದಿತ್ತು. ಐದು ವರ್ಷಗಳ ವೇಳೆಗೆ ಈ ಅಪಾಯ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಗಮನಾರ್ಹ ಅಂಶವೆಂದರೆ, ಉರಿಯೂತ ಎಷ್ಟು ಉಗ್ರವಾಗಿತ್ತು ಎಂಬುದರಿಂದ ಈ ಅಪಾಯದಲ್ಲಿ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ. 'ಸೌಮ್ಯ ಸ್ವರೂಪದ್ದು' ಎಂದು ಹೇಳಿ ಕಳುಹಿಸಲಾದವರೂ ಎಚ್ಚರ ವಹಿಸಬೇಕೆಂಬುದೇ ಇದರರ್ಥ.

ಇಂತಹ ಮಧುಮೇಹಕ್ಕೆ 'ಟೈಪ್ 3ಸಿ' ಎಂಬ ಪ್ರತ್ಯೇಕ ಹೆಸರಿದ್ದರೂ ಅದನ್ನು ಗುರುತಿಸುವುದು ವಿರಳ. ಇಂಗ್ಲೆಂಡಿನ ದಾಖಲೆಗಳನ್ನು ಆಧರಿಸಿ 2017ರಲ್ಲಿ 'ಡಯಾಬಿಟಿಸ್ ಕೇರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇದೋಜೀರಕದ ಕಾಯಿಲೆಯ ನಂತರ ಮಧುಮೇಹ ಬಂದ 559 ಮಂದಿಯ ಪೈಕಿ ಸುಮಾರು ಶೇ. 88ರಷ್ಟು ಮಂದಿಯನ್ನು ಟೈಪ್ 2 ರೋಗಿಗಳೆಂದೇ ನಮೂದಿಸಲಾಗಿತ್ತು. ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಟೈಪ್ 2 ರೋಗಿಗಳಲ್ಲಿ ಐದು ವರ್ಷದೊಳಗೆ ಇನ್ಸುಲಿನ್ ಬೇಕಾದವರು ಶೇ. 4ರಷ್ಟಿದ್ದರೆ, ತೀವ್ರ ಉರಿಯೂತದ ನಂತರ ಮಧುಮೇಹ ಬಂದವರಲ್ಲಿ ಆ ಪ್ರಮಾಣ ಶೇ. 21ರಷ್ಟಿತ್ತು.

ಹಾಗಾದರೆ ಮಾಡಬೇಕಾದ್ದೇನು? ಉರಿಯೂತ ಶಮನಗೊಂಡ 3ರಿಂದ 6 ತಿಂಗಳೊಳಗೆ, ಆನಂತರ ಪ್ರತಿ ವರ್ಷ ಸಕ್ಕರೆ ತಪಾಸಣೆ ಮಾಡಿಸಬೇಕೆಂದು ಅಮೆರಿಕದ ಮಧುಮೇಹ ಸಂಘ ಸಲಹೆ ನೀಡುತ್ತದೆ. ಬರಿ ಹೊಟ್ಟೆಯಲ್ಲಿ ಸಕ್ಕರೆ 126 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು ಇದ್ದರೆ ಮಧುಮೇಹದ ಸೂಚನೆ. ಆಸ್ಪತ್ರೆಯಲ್ಲಿದ್ದಾಗ ಏರಿದ ಸಕ್ಕರೆ ಕಾಯಿಲೆಯ ಒತ್ತಡದ್ದೂ ಆಗಿರಬಹುದಾದ್ದರಿಂದ ಮರುಪರೀಕ್ಷೆ ಅಗತ್ಯ.

ಮಲ ಜಿಡ್ಡಾಗಿ ದುರ್ವಾಸನೆಯಿಂದ ಕೂಡಿದ್ದರೆ, ತೂಕ ಇಳಿಯುತ್ತಿದ್ದರೆ ಕಿಣ್ವಗಳ ಕೊರತೆಯನ್ನು ಶಂಕಿಸಬಹುದು. ಊಟದ ಜೊತೆ ಸೇವಿಸುವ ಕಿಣ್ವದ ಕ್ಯಾಪ್ಸೂಲುಗಳು ಇದಕ್ಕೆ ಪರಿಹಾರ.

ಉರಿಯೂತ ಮರುಕಳಿಸದಂತೆ ತಡೆಯುವುದೂ ಅಷ್ಟೇ ಮುಖ್ಯ. ಪಿತ್ತಕೋಶದ ಕಲ್ಲುಗಳಿಗೆ ಚಿಕಿತ್ಸೆ, ಮದ್ಯ ಮತ್ತು ಧೂಮಪಾನದ ತ್ಯಾಗ, ಟ್ರೈಗ್ಲಿಸರೈಡ್ ನಿಯಂತ್ರಣ ಇದರ ಮಾರ್ಗಗಳು. ಮಧುಮೇಹದ ಕೆಲವು ಔಷಧಿಗಳನ್ನು ಉರಿಯೂತದ ಇತಿಹಾಸವುಳ್ಳವರಿಗೆ ಎಚ್ಚರಿಕೆಯಿಂದ ನೀಡಬೇಕಾಗುತ್ತದೆ. ಆದ್ದರಿಂದ ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿಟ್ಟು, ವರ್ಷಗಳು ಕಳೆದಿದ್ದರೂ ಹೊಸ ವೈದ್ಯರಿಗೆ ತಪ್ಪದೆ ತೋರಿಸುವುದು ಒಳಿತು.