ಮೈಸೂರಿನ ಅಲಕ್ಷಿತ ಚಿತ್ರಕಾರರು: ಕಲಾಮಾರುಕಟ್ಟೆಯ ಮರುಶೋಧ ಮತ್ತು ಅದರ ಮಿತಿ

ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯನ್ನು ನಿರೂಪಿಸುವ 26 ತೈಲವರ್ಣ ಫಲಕಗಳಿವೆ. 1930ರ ಮೆರವಣಿಗೆಯ ಛಾಯಾಚಿತ್ರಗಳನ್ನು ಆಧರಿಸಿ 1934ರಿಂದ 1945ರವರೆಗಿನ ಅವಧಿಯಲ್ಲಿ ರಚಿತವಾದ ಇವುಗಳ ಹಿಂದೆ ಕೆ. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು, ಎಸ್. ಎನ್. ಸ್ವಾಮಿ ಮೊದಲಾದ ಸ್ಥಳೀಯ ಕಲಾವಿದರ ಶ್ರಮವಿದೆ. ನಾಡಿನಲ್ಲಿ ಅತಿ ಹೆಚ್ಚು ಜನ ನೋಡಿರುವ ವರ್ಣಚಿತ್ರಗಳ ಸಾಲಿನಲ್ಲಿ ಇವೂ ಸೇರುತ್ತವೆ. ಆದರೆ ಅಂಬಾರಿಯನ್ನೂ ಅರಸರನ್ನೂ ನೆನಪಿನಲ್ಲಿಟ್ಟುಕೊಂಡು ಹೊರಬರುವ ಪ್ರೇಕ್ಷಕರಲ್ಲಿ ಚಿತ್ರಕಾರರ ಹೆಸರನ್ನು ಬಲ್ಲವರು ವಿರಳ. ಅಲಕ್ಷ್ಯವೆಂದರೆ ಕೃತಿ ಕಣ್ಮರೆಯಾಗುವುದಷ್ಟೇ ಅಲ್ಲ. ಕಣ್ಣೆದುರಿಗಿದ್ದೂ ಕರ್ತೃವನ್ನು ಕಳೆದುಕೊಳ್ಳುವುದು ಕೂಡ ಅಲಕ್ಷ್ಯವೇ.

ಜಗನ್ಮೋಹನ ಅರಮನೆಯ ಚಿತ್ರಶಾಲೆ ಇದರ ಮತ್ತೊಂದು ಮುಖವನ್ನು ತೋರಿಸುತ್ತದೆ. ಕೈಯಲ್ಲಿ ದೀಪ ಹಿಡಿದ ಮಹಿಳೆಯ ಪ್ರಸಿದ್ಧ ಜಲವರ್ಣ ಚಿತ್ರವನ್ನು ಅನೇಕರು ರಾಜಾ ರವಿವರ್ಮನ ಕೃತಿಯೆಂದೇ ನಂಬಿದ್ದಾರೆ. ವಾಸ್ತವವಾಗಿ ಅದು ಸಾವಂತವಾಡಿಯ ಎಸ್. ಎಲ್. ಹಳದಣಕರರ ರಚನೆ, ಅವರ ಮಗಳೇ ಅದರ ರೂಪದರ್ಶಿ. ಒಬ್ಬರ ಕೀರ್ತಿ ಮತ್ತೊಬ್ಬರ ಕೃತಿಯನ್ನು ಹೇಗೆ ನುಂಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಇಂತಹ ಅಲಕ್ಷಿತರನ್ನು ಮರಳಿ ಬೆಳಕಿಗೆ ತರುವ ಕಾರ್ಯದಲ್ಲಿ ಖಾಸಗಿ ಕಲಾಗ್ಯಾಲರಿಗಳ ಪಾತ್ರ ಗಣನೀಯವಾದುದು. ಅವು ಅನುಸರಿಸುವ ಕ್ರಮ ಸ್ಥೂಲವಾಗಿ ಹೀಗಿದೆ: ಕಲಾವಿದನ ಕುಟುಂಬದಲ್ಲಿ ಉಳಿದ ಕೃತಿಗಳನ್ನು ಒಟ್ಟಾಗಿ ಪಡೆಯುವುದು, ಹಾಳಾದವನ್ನು ಸಂರಕ್ಷಿಸುವುದು, ಪತ್ರ ಹಾಗೂ ದಾಖಲೆಗಳಿಂದ ಕರ್ತೃತ್ವವನ್ನು ಖಚಿತಪಡಿಸುವುದು, ವಿದ್ವಾಂಸರಿಂದ ಗ್ರಂಥ ಬರೆಯಿಸುವುದು, ಪ್ರದರ್ಶನ ಏರ್ಪಡಿಸುವುದು, ಕೊನೆಗೆ ಮಾರಾಟ. ಅಮೆರಿಕದಲ್ಲಿ ನೆಲೆಸಿದ್ದ ಕಾರ್ಮೆನ್ ಹೆರೆರಾ ಅವರ (1915–2022) ಮೊದಲ ಚಿತ್ರ ಮಾರಾಟವಾದುದು 2004ರಲ್ಲಿ, ಅವರ 89ನೆಯ ವಯಸ್ಸಿನಲ್ಲಿ. ಅದಕ್ಕೆ ನ್ಯೂಯಾರ್ಕಿನ ಗ್ಯಾಲರಿಯೊಂದರ ಪ್ರದರ್ಶನ ಕಾರಣವಾಯಿತು. ಭಾರತದಲ್ಲಿ ಡೆಲ್ಲಿ ಆರ್ಟ್ ಗ್ಯಾಲರಿಯು 2011ರಲ್ಲಿ, 1943ರ ಬಂಗಾಳದ ಕ್ಷಾಮವನ್ನು ಚಿತ್ರಿಸಿದ ಚಿತ್ತಪ್ರಸಾದರ ಸಮಗ್ರ ಪ್ರದರ್ಶನವನ್ನು ನಡೆಸಿ, ಅದರ ಜೊತೆಗೆ ಗ್ರಂಥಗಳನ್ನೂ ಹೊರತಂದಿತು. ಲಾಭದ ಉದ್ದೇಶವಿದ್ದರೂ ಇಂತಹ ಯತ್ನಗಳಿಂದ ಕಲಾಚರಿತ್ರೆಗೆ ಆಕರಗಳು ದೊರೆತಿವೆ ಎಂಬುದನ್ನು ಅಲ್ಲಗಳೆಯಲಾಗದು.

ಆದರೆ ಈ ಕ್ರಮಕ್ಕೆ ಒಂದು ಮೂಲಭೂತ ಷರತ್ತಿದೆ: ಮಾರಲು ಕೃತಿಗಳಿರಬೇಕು. ಮೈಸೂರಿನ ಆಸ್ಥಾನ ಚಿತ್ರಕಾರರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರ ಮುಖ್ಯ ರಚನೆಗಳು ಅರಮನೆಯ ಗೋಡೆಗಳಲ್ಲಿ ನೆಲೆಗೊಂಡಿವೆ. ಅವು ಮಾರುಕಟ್ಟೆಗೆ ಬರುವಂತಿಲ್ಲ, ಬರಲೂಬಾರದು. ಹೀಗಾಗಿ ಆ ಹೆಸರುಗಳ ಮೇಲೆ ಹಣ ಹೂಡಲು ಯಾವ ಗ್ಯಾಲರಿಗೂ ಕಾರಣವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಸಾಂಪ್ರದಾಯಿಕ ಚಿತ್ರಗಳಲ್ಲಿ ಸಹಿಯೇ ಇಲ್ಲದಿರುವುದು ಸಾಮಾನ್ಯ. 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ದೊರೆತ ಭೌಗೋಳಿಕ ಗುರುತಿನ ಮಾನ್ಯತೆ ಶೈಲಿಯನ್ನು ರಕ್ಷಿಸುತ್ತದೆಯೇ ಹೊರತು ಆ ಶೈಲಿಯನ್ನು ರೂಪಿಸಿದ ವ್ಯಕ್ತಿಗಳನ್ನಲ್ಲ.

ಇಲ್ಲಿ ಕೆ. ವೆಂಕಟಪ್ಪನವರ ಉದಾಹರಣೆ ಗಮನಾರ್ಹ. ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದ ಅವರು 1965ರಲ್ಲಿ ತೀರಿಕೊಂಡರು. ಅವರ ಕೃತಿಗಳು ಸರ್ಕಾರದ ಸಂಗ್ರಹಕ್ಕೆ ಸೇರಿ, ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಸ್ಥಾಪನೆಯಾಯಿತು. ಒಬ್ಬ ಕಲಾವಿದನ ಹೆಸರನ್ನು ಉಳಿಸುವುದು ಮಾರುಕಟ್ಟೆಯಿಂದ ಮಾತ್ರ ಸಾಧ್ಯವೆಂಬ ವಾದವನ್ನು ಇದು ಅಲ್ಲಗಳೆಯುತ್ತದೆ. ಆದರೂ ವೆಂಕಟಪ್ಪನವರಿಗೆ ದೊರೆತ ಈ ಗಮನ ಅವರ ಸಮಕಾಲೀನರಾದ ಮೈಸೂರಿನ ಇತರ ಚಿತ್ರಕಾರರಿಗೆ ದೊರೆಯಲಿಲ್ಲ.

ಆದ್ದರಿಂದ ಗ್ಯಾಲರಿಗಳ ಗುರಿಯನ್ನಲ್ಲ, ಅವುಗಳ ವಿಧಾನವನ್ನು ವಿಶ್ವವಿದ್ಯಾನಿಲಯಗಳು ಮತ್ತು ಸಂಗ್ರಹಾಲಯಗಳು ಸ್ವೀಕರಿಸಬೇಕಾಗಿದೆ. ಪ್ರತಿಯೊಂದು ಫಲಕದ ಕರ್ತೃವನ್ನು ನಿರ್ಧರಿಸುವುದು, ಅರಮನೆಯ ಲೆಕ್ಕಪತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು, ಚಿತ್ರಕಾರರ ಮನೆತನಗಳಲ್ಲಿ ಉಳಿದಿರಬಹುದಾದ ಕರಡುಗಳನ್ನೂ ಪತ್ರಗಳನ್ನೂ ದಾಖಲಿಸುವುದು, ಚಿತ್ರದ ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆಯಿಸುವುದು—ಇವು ಹೆಚ್ಚಿನ ಹಣವನ್ನು ಬೇಡದ ಕಾರ್ಯಗಳು. ಇವು ಬೇಡುವುದು ಕಾಲವನ್ನು. ಆ ಕಲಾವಿದರನ್ನು ಕಂಡು ಬಲ್ಲ ಕೊನೆಯ ತಲೆಮಾರು ಸರಿದುಹೋದ ಮೇಲೆ ಗೋಡೆಯ ಚಿತ್ರ ಉಳಿದರೂ ಅದನ್ನು ಬರೆದ ಕೈಯ ಗುರುತು ಉಳಿಯಲಾರದು.