ಎದುರಾಳಿ ಏನೆಂದುಕೊಂಡಿದ್ದಾನೆ?

1997ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿತು. ಪಣಕ್ಕೆ ಮಿತಿಯಿಲ್ಲದ ಪೋಕರ್ ಎಂಬ ಇಸ್ಪೀಟ್ ಆಟದಲ್ಲಿ ಅಂಥ ಗೆಲುವು ಸಿಗಲು ಮತ್ತೆ 20 ವರ್ಷ ಬೇಕಾಯಿತು. ಚದುರಂಗದಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರಿಗೇ ಇರುತ್ತವೆ. ಪೋಕರಿನಲ್ಲಿ ಎದುರಾಳಿಯ ಎರಡು ಎಲೆ ನಮಗೆ ಕಾಣವು, ನಮ್ಮವು ಅವನಿಗೆ ಕಾಣವು.

ನಮ್ಮ ಕೈಯ ಎರಡನ್ನು ಬಿಟ್ಟರೆ ಉಳಿಯುವುದು 50 ಎಲೆ. ಅವುಗಳಿಂದ ಆಗಬಹುದಾದ ಜೋಡಿಗಳು 1,225. ಇಷ್ಟನ್ನು ಎಣಿಸುವುದು ಕಂಪ್ಯೂಟರಿಗೆ ಏನೂ ಅಲ್ಲ. ತೊಡಕು ಬೇರೆ ಕಡೆ ಇದೆ. ಎದುರಾಳಿ ದೊಡ್ಡ ಮೊತ್ತ ಪಣಕ್ಕಿಟ್ಟ ಎನ್ನಿ. ಅವನಿಗೆ ಒಳ್ಳೆಯ ಎಲೆ ಬಿದ್ದಿದೆಯೋ, ಸುಮ್ಮನೆ ಹೆದರಿಸುತ್ತಿದ್ದಾನೋ? ಅದನ್ನು ತಿಳಿಯಲು, ನನ್ನ ಕೈಯಲ್ಲಿ ಏನಿದೆಯೆಂದು ಅವನು ಊಹಿಸಿದ್ದಾನೆಂಬುದು ಗೊತ್ತಾಗಬೇಕು. ಆ ಊಹೆಯೋ ನಾನು ಇದುವರೆಗೆ ಆಡಿದ ರೀತಿಯಿಂದ ಹುಟ್ಟಿದ್ದು. ಹೀಗೆ ಊಹೆಯ ಮೇಲೆ ಊಹೆ ಪೇರಿಕೊಳ್ಳುತ್ತ ಹೋಗುತ್ತದೆ. ಸಾಲದ್ದಕ್ಕೆ, ಇಬ್ಬರೇ ಆಡುವ ಈ ಆಟದಲ್ಲೂ ತೀರ್ಮಾನದ ಸನ್ನಿವೇಶಗಳ ಸಂಖ್ಯೆ 1ರ ಮುಂದೆ 160 ಸೊನ್ನೆ ಬರೆದರೂ ಸಾಲದು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಜೆಕ್ ಸಂಶೋಧಕರ ಜೊತೆ ಸೇರಿ ರೂಪಿಸಿದ ‘ಡೀಪ್‌ಸ್ಟ್ಯಾಕ್’ ಇಡೀ ಆಟವನ್ನು ಮೊದಲೇ ಬಿಡಿಸಿಡುವ ಹಟಕ್ಕೆ ಹೋಗಲಿಲ್ಲ. ಎರಡೇ ಪಟ್ಟಿ ಇಟ್ಟುಕೊಂಡಿತು. ತಾನು ಆಡಿದ್ದನ್ನು ನೋಡಿದವರಿಗೆ ತನ್ನ ಕೈಯಲ್ಲಿ ಯಾವ ಜೋಡಿ ಇರುವ ಸಂಭವ ಎಷ್ಟೆಂದು ತೋರೀತು ಎಂಬುದು ಒಂದು. ಎದುರಾಳಿ ಹಿಡಿದಿರಬಹುದಾದ ಒಂದೊಂದು ಜೋಡಿಗೂ ಎಷ್ಟು ಗಳಿಕೆ ಎಂಬುದು ಇನ್ನೊಂದು. ತನ್ನ ಎಲೆ ತನಗೆ ಗೊತ್ತಿದ್ದರೂ ಎದುರಿಗಿರುವವನ ಕಣ್ಣಿನಿಂದ ತನ್ನನ್ನೇ ನೋಡಿಕೊಳ್ಳುವ ಈ ಉಪಾಯ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡದ್ದು.

ಸರದಿ ಬಂದಾಗ ಡೀಪ್‌ಸ್ಟ್ಯಾಕ್ ಅಲ್ಲಿಂದ ಮುಂದಿನ ಕೆಲವು ಹೆಜ್ಜೆಗಳನ್ನಷ್ಟೇ ತನ್ನೊಳಗೆ ಮತ್ತೆ ಮತ್ತೆ ಆಡಿ ನೋಡುತ್ತದೆ. ಬೇರೆ ನಡೆ ಆಡಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತೆಂಬ ವಿಷಾದವನ್ನು ಅಂಕಿಯಲ್ಲಿ ಬರೆದಿಡುತ್ತದೆ. ಆಡದೆ ಬಿಟ್ಟದ್ದಕ್ಕೆ ಹೆಚ್ಚು ವಿಷಾದವಾದ ನಡೆಯನ್ನು ಮುಂದಿನ ಸುತ್ತಿನಲ್ಲಿ ಹೆಚ್ಚು ಸಲ ಆಡುತ್ತದೆ. ಆ ಕೆಲವು ಹೆಜ್ಜೆಗಳಾಚೆಗಿನ ಬೆಲೆಯನ್ನು ಅಂದಾಜಿಸುವುದು, ಲಕ್ಷಾಂತರ ಕೃತಕ ಸನ್ನಿವೇಶಗಳಿಂದ ಕಲಿತ ನ್ಯೂರಲ್ ಜಾಲ. ಉತ್ತರ ಕೆಲವೇ ಸೆಕೆಂಡುಗಳಲ್ಲಿ ಸಿದ್ಧ. ಪೂರ್ತಿ 3,000 ಆಟ ಮುಗಿಸಿದ 11 ವೃತ್ತಿಪರ ಆಟಗಾರರಲ್ಲಿ 10 ಮಂದಿಯ ಎದುರು ಅದು ಗೆದ್ದದ್ದು ಅದೃಷ್ಟದಿಂದಲ್ಲ ಎಂದು ಸಂಖ್ಯಾಶಾಸ್ತ್ರ ಹೇಳಿತು.

ಇದು ಇಸ್ಪೀಟಿಗಷ್ಟೇ ಸೇರಿದ ವಿದ್ಯೆಯಲ್ಲ. ದಾಳಿಕೋರ ಯಾರು, ತಮ್ಮನ್ನು ನೋಡಿ ಅವನು ಏನು ತಿಳಿದಿದ್ದಾನೆ ಎಂಬ ಪ್ರಶ್ನೆ ಕಾವಲಿನವರಿಗೂ ಇದೆ. ಕಂಪ್ಯೂಟರ್ ವಿಜ್ಞಾನಿ ಮಿಲಿಂದ್ ತಾಂಬೆ ಅವರ ತಂಡ ಬೇರೊಂದು ವಿಧಾನದಿಂದ ಅದನ್ನು ಬಿಡಿಸಿತು. 2007ರಿಂದ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಪೊಲೀಸರು ತಪಾಸಣೆಯ ಜಾಗ, ಹೊತ್ತುಗಳನ್ನು ಗೊತ್ತುಮಾಡಲು ಆ ತಂಡದ ತಂತ್ರಾಂಶವನ್ನು ಬಳಸತೊಡಗಿದರು.