ಉಪ್ಪಿನ ನೀರೂ ಹೊಗೆಯ ಮನೆಯೂ

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಮೀನಿನ ಮಾರುಕಟ್ಟೆಯಲ್ಲಿ ರಾವಸ್ ಮೀನನ್ನು ಇಂಡಿಯನ್ ಸಾಲ್ಮನ್ ಎನ್ನುತ್ತಾರೆ. ಅಮೆರಿಕದವರು ಹೊಗೆಯಲ್ಲಿಟ್ಟು ತಿನ್ನುವ ಸಾಲ್ಮನ್ ಇದೇ ಏನು?" ಎಂದು ಕೇಳಿದನು. ಕನ್ನಡ ಕಲಿಸುವ ನಮಗೆ ಉತ್ತರ ತಿಳಿದಿರಲಿಲ್ಲ. "ನಾಳೆ ಹೇಳುತ್ತೇವೆ" ಎಂದೆವು. ಆ ನಾಳೆ ಈ ಸಂಚಿಕೆಯವರೆಗೂ ಬೆಳೆಯಿತು.

ವಿದ್ಯಾರ್ಥಿಮಿತ್ರರೇ, ಅದು ಇದಲ್ಲ. ನಮ್ಮ ಮುಂಬಯಿಯ ರಾವಸ್ ಬೇರೆಯೇ ಕುಲದ ಕಡಲಮೀನು. ಸಾಲ್ಮನ್ನಿಗೂ ಅದಕ್ಕೂ ನೆಂಟಸ್ತನವಿಲ್ಲ, ಹೆಸರಿನ ಸಾಲ ಮಾತ್ರ ಉಂಟು. ನಿಜವಾದ ಸಾಲ್ಮನ್ ಉತ್ತರದ ತಣ್ಣನೆಯ ನೀರಿನದು. ಅದು ಹೊಳೆಯ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರಕ್ಕೆ ಇಳಿದು, ಅಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ತಾನು ಹುಟ್ಟಿದ ಹೊಳೆಗೇ ಹಿಂದಿರುಗುತ್ತದೆ. ಹುಟ್ಟುಹೊಳೆಯ ನೀರಿನ ವಾಸನೆಯನ್ನು ಅದು ಮರೆಯುವುದಿಲ್ಲವಂತೆ. ಊರು ಬಿಟ್ಟು ಬಂದ ನಮಗೆ ಈ ಮಾತನ್ನು ಓದಿದಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಡಬೇಕೆನಿಸಿತು. ಶಾಂತಸಾಗರದ ಕಡೆಯ ಸಾಲ್ಮನ್ನುಗಳು ಹಾಗೆ ಮೇಲೇರಿ ಬಂದು ಮೊಟ್ಟೆಯಿಟ್ಟ ಬಳಿಕ ಅಲ್ಲಿಯೇ ಸಾಯುತ್ತವೆ.

ಹೀಗೆ ಮೀನು ಬರುವುದು ವರ್ಷದಲ್ಲಿ ಕೆಲವೇ ವಾರ. ಆಗ ಹೊಳೆ ತುಂಬ ಮೀನು. ಅದು ಮುಗಿದರೆ ಮುಂದೆ ದೀರ್ಘವಾದ ಚಳಿಗಾಲ. ಉತ್ತರ ಅಮೆರಿಕದ ಕೊಲಂಬಿಯಾ, ಫ್ರೇಸರ್ ಮೊದಲಾದ ನದಿಗಳ ದಡದಲ್ಲಿ ಸಾವಿರಾರು ವರ್ಷಗಳಿಂದ ಬಾಳಿದ ಮೂಲನಿವಾಸಿಗಳು ಈ ಕೆಲವು ವಾರಗಳ ಮೀನಿನಿಂದ ವರ್ಷವನ್ನು ದಾಟಬೇಕಾಗಿತ್ತು. ಮೀನನ್ನು ಸೀಳಿ, ಗಾಳಿಗೆ ಒಡ್ಡಿ, ಮರದ ಹೊಗೆಮನೆಗಳಲ್ಲಿ ತೂಗುಹಾಕಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸುತ್ತಿದ್ದರು. ಕೊಲಂಬಿಯಾ ನದಿಯ ಸೆಲೈಲೋ ಜಲಪಾತವು ಅವರ ಮಹಾ ಮೀನುಗಾರಿಕೆಯ ಸ್ಥಳವೂ ಸಂತೆಯೂ ಆಗಿದ್ದಿತು. 1957ರ ಮಾರ್ಚಿಯಲ್ಲಿ ಹೊಸ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಆ ಜಲಪಾತ ನೀರಿನಡಿ ಮುಳುಗಿತು.

ಇನ್ನು ಉಪ್ಪಿನ ಮಾತು. ನಿಮ್ಮ ತಾಯಂದಿರು ಮಾವಿನ ಮಿಡಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯಲ್ಲಿ ನೀರು ನಿಂತಿರುವುದನ್ನೂ ಮಿಡಿ ಮುರುಟಿರುವುದನ್ನೂ ನೋಡಿದ್ದೀರಿ. ಆ ನೀರನ್ನು ಯಾರೂ ಹೊಯ್ದಿಲ್ಲ. ಉಪ್ಪು ಅದನ್ನು ಮಿಡಿಯೊಳಗಿನಿಂದ ಎಳೆದಿದೆ. ಮೀನಿನಲ್ಲಿಯೂ ಇದೇ ಕ್ರಿಯೆ. ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಗೆ ಹೊರಡುತ್ತದೆ, ಉಪ್ಪು ಒಳಗೆ ಇಳಿಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಅಲ್ಲಿಯೇ ಇದ್ದರೂ ಅವುಗಳ ಕೈಗೆ ಸಿಕ್ಕದಂತಾಗುತ್ತದೆ.

ಇಂದು ಆ ದೇಶಗಳಲ್ಲಿ ಮನೆಮನೆಯಲ್ಲಿಯೂ ಈ ಕೆಲಸವನ್ನು ಹವ್ಯಾಸವಾಗಿ ಮಾಡುವವರುಂಟು. ಏಳು ಅಳತೆ ನೀರಿಗೆ ಒಂದು ಅಳತೆ ಉಪ್ಪನ್ನು ಕರಗಿಸಿ, ರುಚಿಗೆ ಕಂದು ಸಕ್ಕರೆಯನ್ನು ಸೇರಿಸಿ, ಮೀನಿನ ಹೋಳುಗಳನ್ನು ಅದರಲ್ಲಿ ಮುಳುಗಿಸಿ ಶೀತಪೆಟ್ಟಿಗೆಯಲ್ಲಿಡುತ್ತಾರೆ. ನೀರಿಲ್ಲದೆ ಉಪ್ಪು ಸಕ್ಕರೆಗಳನ್ನೇ ಮೀನಿನ ಮೇಲೆ ಹರಡಿಡುವ ಪದ್ಧತಿಯೂ ಇದೆ. ಅಯೋಡಿನ್ ಬೆರೆಸದ ಉಪ್ಪನ್ನೂ ಗಾಜಿನ ಇಲ್ಲವೆ ಸ್ಟೀಲಿನ ಪಾತ್ರೆಯನ್ನೂ ಬಳಸುವುದು ವಾಡಿಕೆ. ಹೋಳು ದಪ್ಪವಾದಷ್ಟೂ ಹೊತ್ತು ಹೆಚ್ಚು ಬೇಕು. ಎಲ್ಲ ಹೋಳುಗಳೂ ಸಮಗಾತ್ರದವಾಗಿರಬೇಕು. ಇಲ್ಲವಾದರೆ ತೆಳುವಾದುದು ಬಾಯಿಗಿಡಲಾರದಷ್ಟು ಉಪ್ಪಾಗಿ, ದಪ್ಪವಾದುದು ನಡುವೆ ಸಪ್ಪೆಯಾಗಿ ಉಳಿಯುತ್ತದೆ.

ಬಳಿಕ ತೊಳೆದು, ಒರೆಸಿ, ತಂಪಾದ ಗಾಳಿಯಲ್ಲಿ ಜಾಲರಿಯ ಮೇಲೆ ಆರಲಿಡಬೇಕು. ಆತುರಗಾರರು ಕೆಡುವುದು ಈ ಹಂತದಲ್ಲಿ. ಉಪ್ಪಿನಿಂದ ಸಡಿಲಗೊಂಡ ಮೀನಿನ ಪ್ರೋಟೀನು ಮೇಲ್ಮೈಯಲ್ಲಿ ಆರಿ, ಹೊಳೆಯುವ, ಬೆರಳಿಗೆ ತುಸು ಅಂಟುವ ತೆಳುಪೊರೆಯಾಗುತ್ತದೆ. ಹೊಗೆ ಸಮವಾಗಿ ಹಿಡಿಯುವುದು ಆ ಪೊರೆಗೆ. ಒದ್ದೆ ಮೀನನ್ನು ಹೊಗೆಗಿಟ್ಟು ಒಮ್ಮೆಲೇ ಬೆಂಕಿ ಹೆಚ್ಚಿಸಿದರೆ ಬಿಳಿಯ ಮೊಸರಿನಂತಹ ಗಸಿ ಒಸರಿ ಮೀನೆಲ್ಲ ಅಂದಗೆಡುತ್ತದೆ.

ಹೊಗೆಗೆ ಆ ಸೀಮೆಯವರು ಆಲ್ಡರ್ ಮರವನ್ನು ಮೆಚ್ಚುತ್ತಾರೆ; ಸೇಬಿನ ಮರವೂ ಆಗುತ್ತದೆ. ಪೈನಿನಂತಹ ರಾಳದ ಮರ ಕೂಡದು, ಕಹಿ ಹತ್ತುತ್ತದೆ. ಹೊಗೆಯಲ್ಲಿರುವ ಫೀನಾಲುಗಳು ಮೀನಿನ ಎಣ್ಣೆ ಕಮಟಾಗದಂತೆ ತಡೆಯುತ್ತವೆ. ಆಮ್ಲಗಳೂ ಫಾರ್ಮಾಲ್ಡಿಹೈಡೂ ಸೂಕ್ಷ್ಮಜೀವಿಗಳನ್ನು ಅಡಗಿಸುತ್ತವೆ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಮಾಂಸವನ್ನು ತೂಗುಹಾಕುತ್ತಿದ್ದುದು ಇದೇ ನಂಬಿಕೆಯಿಂದ. (ನಮ್ಮ ಚಾಳಿನಲ್ಲಿ ಈ ಪ್ರಯೋಗ ನಡೆಸಿದರೆ ನೆರೆಯವರು ಅಗ್ನಿಶಾಮಕ ದಳವನ್ನು ಕರೆದಾರು, ಆದುದರಿಂದ ನಾವು ಓದಿ ತಿಳಿದುದೇ ಸರಿ.)

ಆದರೆ ಹೊಗೆ ಇಳಿಯುವುದು ಮೇಲ್ಮೈಗೆ ಮಾತ್ರ. ಮೀನನ್ನು ನಿಜವಾಗಿ ಕಾಯುತ್ತಿದ್ದುದು ಉಪ್ಪು ಮತ್ತು ಒಣಗುವಿಕೆ. ಹಿಂದಿನವರ ಮೀನು ಕಲ್ಲಿನಂತೆ ಒಣಗಿರುತ್ತಿದ್ದಿತು, ಆದುದರಿಂದ ತಿಂಗಳುಗಟ್ಟಲೆ ನಿಲ್ಲುತ್ತಿದ್ದಿತು. ಇಂದಿನವರು ನಾಲಗೆಗಾಗಿ ಉಪ್ಪನ್ನು ಕಡಮೆ ಮಾಡಿದರು, ಮೀನನ್ನು ಮೆತ್ತಗೆ ಉಳಿಸಿದರು. ವಾಸನೆ ಮಾತ್ರ ಹಳೆಯದೇ. ಆ ವಾಸನೆಯನ್ನು ನಂಬಿ ಮೋಸಹೋಗಬಾರದು.

ನಮ್ಮದೇ ಒಂದು ಅನುಭವ. ಒಂದು ವರ್ಷ ಜೂನಿನಲ್ಲಿ ತಾಯಿಯವರು ಉಡುಪಿಯ ಕಡೆಯ ನಮ್ಮ ಹಳ್ಳಿಯಿಂದ ಒಣಮೀನಿನ ಪೊಟ್ಟಣವನ್ನು ಬಸ್ಸಿನಲ್ಲಿ ಕಳುಹಿಸಿದ್ದರು. ನಾವು ಅದನ್ನು ಕಿಟಕಿಯ ಬಳಿ ಇಟ್ಟು ಮೂರು ವಾರ ಮರೆತೆವು. ಮುಂಬಯಿಯ ಮಳೆಗಾಳಿಗೆ ತೇವವೇರಿ, ಬಿಚ್ಚಿದಾಗ ಮೇಲೆಲ್ಲ ಬಿಳಿಯ ಬೂಷ್ಟು. ದುಃಖದಿಂದಲೇ ಎಸೆದೆವು; ಊರಿಗೆ ಮಾತ್ರ "ಬಹಳ ಚೆನ್ನಾಗಿತ್ತು" ಎಂದು ತಿಳಿಸಿದೆವು. ಬೂಷ್ಟು ಕಣ್ಣಿಗೆ ಕಾಣುವ ಕಳ್ಳ. ಬಾಟುಲಿನಮ್ ಎಂಬ ಜೀವಾಣು ಹಾಗಲ್ಲ. ಗಾಳಿಯಾಡದಂತೆ ಬಿಗಿದ ಮೆತ್ತನೆಯ ಮೀನಿನೊಳಗೆ ಅದು ಬೆಳೆದು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಮಾಡುತ್ತದೆ. ಮೀನಿನ ಬಣ್ಣ, ವಾಸನೆ, ರುಚಿ ಬದಲಾಗದೆಯೂ ಇರಬಹುದು. ಮೀನಿನಲ್ಲಿ ಕಾಣುವ ಅದರ ಒಂದು ಬಗೆ ಶೀತಪೆಟ್ಟಿಗೆಯಲ್ಲಿಯೂ, 3.3 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೆಳೆಯಬಲ್ಲದು.

ಆದುದರಿಂದಲೇ ಮನೆಯಲ್ಲಿ ಬಿಸಿಹೊಗೆ ಹಾಕುವವರು ಮೀನಿನ ಒಳಭಾಗವನ್ನು ಸುಮಾರು 66 ಡಿಗ್ರಿಗೆ ಏರಿಸಿ ಅರ್ಧ ಗಂಟೆಯಾದರೂ ಅಲ್ಲಿ ನಿಲ್ಲಿಸಬೇಕೆಂದು ತಜ್ಞರು ಹೇಳುತ್ತಾರೆ. ಉಷ್ಣಮಾಪಕವನ್ನು ಚುಚ್ಚಬೇಕಾದುದು ಗೂಡಿನ ಗಾಳಿಗಲ್ಲ, ಮೀನಿನ ದಪ್ಪಭಾಗಕ್ಕೆ. ಇಷ್ಟಾದರೂ ಅದನ್ನು ಶೀತಪೆಟ್ಟಿಗೆಯಲ್ಲಿಟ್ಟು ಬೇಗ ಮುಗಿಸಬೇಕು, ಹೆಚ್ಚು ದಿನಕ್ಕಾದರೆ ಹಿಮಗಟ್ಟಿಸಬೇಕು. ತಣ್ಣನೆಯ ಹೊಗೆಯ ಪದ್ಧತಿಯಲ್ಲಿ ಶಾಖವು ಸುಮಾರು 30 ಡಿಗ್ರಿಯನ್ನು ಮೀರುವುದಿಲ್ಲ. ಅಂದರೆ ಆ ಮೀನು ಬೆಂದಿರುವುದೇ ಇಲ್ಲ. ಅದನ್ನು ಮೊದಲು 20 ಡಿಗ್ರಿ ಮೈನಸ್ಸಿನಲ್ಲಿ ಏಳು ದಿನ ಇಟ್ಟರೆ ಒಳಗಿನ ಹುಳುಗಳು ಸಾಯುತ್ತವೆ, ಜೀವಾಣುಗಳು ಸಾಯುವುದಿಲ್ಲ. ಗರ್ಭಿಣಿಯರಿಗೂ ವೃದ್ಧರಿಗೂ ಅದನ್ನು ಬೇಡವೆನ್ನುವುದು ಇದಕ್ಕಾಗಿ.

ಪ್ರಶ್ನೆ ಕೇಳಿದ ಹುಡುಗನಿಗೆ ಇದನ್ನೆಲ್ಲ ಹೇಳಿದ ಮೇಲೆ ನಾವು ಕೆಲವರನ್ನು ಕರೆದುಕೊಂಡು ಒಂದು ರವಿವಾರ ವರ್ಸೋವಾಕ್ಕೆ ಹೋದೆವು. ಅಲ್ಲಿ ಕೋಳಿ ಜನರು ಬಿದಿರಿನ ಅಡ್ಡಗಳುಗಳ ಮೇಲೆ ಬೊಂಬಿಲ್ ಮೀನುಗಳನ್ನು ಜೋಡಿಜೋಡಿಯಾಗಿ, ಒಂದರ ದವಡೆಯನ್ನು ಇನ್ನೊಂದರ ದವಡೆಗೆ ಸಿಕ್ಕಿಸಿ, ಬಿಸಿಲಿಗೆ ತೂಗುಹಾಕಿದ್ದರು. ಹಸಿ ಬೊಂಬಿಲ್ಲಿನಲ್ಲಿ ನೀರೇ ಹೆಚ್ಚು. ಒಣಗಿದಾಗ ಅದು ಕಡ್ಡಿಯಷ್ಟಾಗುತ್ತದೆ. ಇಲ್ಲಿ ಹೊಗೆಯೂ ಇಲ್ಲ, ಗೂಡೂ ಇಲ್ಲ. ಸೂರ್ಯನೂ ಸಮುದ್ರದ ಗಾಳಿಯೂ ಎಲ್ಲವನ್ನೂ ಮಾಡುತ್ತವೆ. ಎಷ್ಟು ಒಣಗಿದರೆ ಸಾಕು ಎಂದು ನಾವು ಕೇಳಿದೆವು. ಅಲ್ಲಿದ್ದ ಅಜ್ಜಿಯೊಬ್ಬರು ಉತ್ತರ ಕೊಡಲಿಲ್ಲ. ಒಂದು ಬೊಂಬಿಲನ್ನು ಬಿಡಿಸಿ, ನಮ್ಮ ಹುಡುಗನ ಕಿವಿಯ ಬಳಿ ಹಿಡಿದು, ಲಟಕ್ಕೆಂದು ಮುರಿದು ತೋರಿಸಿದರು.